ಸಿಡಿ ಬಿಡಿ ಎನ್ನುವವರ ಕಾಲದಲ್ಲಿ

ಸಿಡಿಗಳಿಗೆ ಈಗ ಕೆಲಸವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವು ಹಿಂದೆಂದಿಗಿಂತ ಹೆಚ್ಚು ದುಡಿಯುತ್ತಿವೆ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ದಾರಕ್ಕೆ ಜೋತುಬಿದ್ದು ಪಾರಿವಾಳ ಓಡಿಸುವುದು ಅವೇ. ಜೋಳದ ಹೊಲದಲ್ಲಿ ಕೋಲಿನ ತುದಿಗೆ ಕಟ್ಟಿಸಿಕೊಂಡು ಗಿಳಿಗಳ ಕಣ್ಣಿಗೆ ಬಿಸಿಲು ತೂರುವುದೂ ಅವೇ. ಶಾಲೆಯ ‘ಕಸದಿಂದ ರಸ’ ಸ್ಪರ್ಧೆಯಲ್ಲಿ ನವಿಲಿನ ಗರಿ, ಗೌರಿ ಹಬ್ಬದಲ್ಲಿ ಮಂಟಪದ ಹಿಂದಿನ ಪ್ರಭಾವಳಿ, ಆಫೀಸಿನ ಮೇಜಿನ ಮೇಲೆ ಕಾಫಿ ಲೋಟದ ಅಡಿಗೆ ಆಸರೆ, ಒಂದೇ ಎರಡೇ! ಹಾಡುವುದೊಂದನ್ನು ಬಿಟ್ಟು ಮಿಕ್ಕ ಕೆಲಸವನ್ನೆಲ್ಲ ಮಾಡುತ್ತಿವೆ.

ಆದರೂ ಪ್ರತಿ ಬೀದಿಯಲ್ಲೂ ಒಬ್ಬ ಹಠಮಾರಿ ಉಳಿದಿರುತ್ತಾನೆ. ಅವನ ಶೋಕೇಸಿನಲ್ಲಿ ಸಿಡಿಗಳು ಇನ್ನೂ ಬೆನ್ನು ತೋರಿಸಿಕೊಂಡು ಸಾಲಾಗಿ ನಿಂತಿರುತ್ತವೆ. ಮಲ್ಲಿಕಾರ್ಜುನ ಮನ್ಸೂರರ ಪಕ್ಕ ಸಿ. ಅಶ್ವತ್ಥ್, ಅಶ್ವತ್ಥ್ ಪಕ್ಕ ‘ಮುಂಗಾರು ಮಳೆ’, ಅದರ ಪಕ್ಕ ಗೃಹಪ್ರವೇಶಕ್ಕೆ ಯಾರೋ ಕೊಟ್ಟ ವಿಷ್ಣುಸಹಸ್ರನಾಮ. ಇವನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕೆಂದು ಅವನು ತೀರ್ಮಾನಿಸಿ ವರ್ಷಗಳಾಗಿರುತ್ತವೆ. ಇನ್ನೂ ಯಾಕೆ ಇಳಿಸಿಲ್ಲ ಎಂದು ಕೇಳಿ ನೋಡಿ. “ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ ವಿಚಾರಿಸ್ತಾ ಇದೀನಿ ಕಣ್ರೀ” ಎನ್ನುತ್ತಾನೆ. ಪುಣ್ಯಾತ್ಮ ಇದೇ ಅವಧಿಯಲ್ಲಿ ಸೈಟು ಕೊಂಡು, ಮನೆ ಕಟ್ಟಿ, ಮಗಳ ಮದುವೆಯನ್ನೂ ಮುಗಿಸಿದ್ದಾನೆ.

“ಯಾಕ್ ಮಾವ ಇಷ್ಟೊಂದು ಒದ್ದಾಟ? ಫೋನಲ್ಲಿ ಎಲ್ಲಾ ಸಿಗುತ್ತಲ್ಲ” ಎನ್ನುತ್ತಾನೆ ನಮ್ಮ ಅಕ್ಕನ ಮಗ. ಸಿಗುತ್ತದಪ್ಪ. ಭೀಮಸೇನ ಜೋಶಿಯವರು ತಾರ ಷಡ್ಜಕ್ಕೆ ಏರಿ ನಿಂತ ಗಳಿಗೆಗೆ ಸರಿಯಾಗಿ, ಸಾಲ ಬೇಕೇ ಎಂದು ಕೇಳುವ ಜಾಹೀರಾತೂ ಸಿಗುತ್ತದೆ. ಸಿಗದೇ ಇರುವುದು ಬೇರೆ ಇದೆ. ಬಡಾವಣೆಯ ರಾಮನವಮಿ ಕಚೇರಿಯನ್ನು ಸಮಿತಿಯವರು ಮುದ್ರಿಸಿ ಹಂಚಿದ್ದು. ಸಭಾಂಗಣದಲ್ಲಿ ಬಿಡುಗಡೆಯಾಗಿ, ಅಂಗಡಿಯ ಮುಖವನ್ನೇ ಕಾಣದೆ ಉಳಿದ ವಚನಗಾಯನ. ಇಬ್ಬರು ಅರ್ಥಧಾರಿಗಳು ಕೃಷ್ಣನದು ತಪ್ಪೋ ಕರ್ಣನದು ತಪ್ಪೋ ಎಂದು ಪಟ್ಟು ಬಿಡದೆ ವಾದಿಸಿದ ತಾಳಮದ್ದಲೆ. ನಮ್ಮ ಅಕ್ಕನ ರಂಗಪ್ರವೇಶದ ಹಾಡುಗಾರಿಕೆ. ಅಕ್ಕ ಎಂದರೆ ಈ ಹುಡುಗನ ತಾಯಿಯೇ. ಅವಳು ಕುಣಿಯುತ್ತಿದ್ದಳು ಎಂಬುದೇ ಅವನಿಗೆ ಹೊಸ ಸುದ್ದಿ. ಮನೆಯಲ್ಲಿ ಅವಳು ಬೇರೆಯವರನ್ನು ಕುಣಿಸಿದ್ದನ್ನು ಮಾತ್ರ ಅವನು ಕಂಡಿದ್ದಾನೆ.

ಸಾಫ್ಟ್‌ವೇರಿಗಿಂತ ಮೊದಲು ಡ್ರೈವಿನ ಮಾತು. ಹೊಸ ಲ್ಯಾಪ್‌ಟಾಪುಗಳಿಗೆ ಸಿಡಿ ನುಂಗುವ ಬಾಯೇ ಇಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವನ್ನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿದರೆ ಹುಡುಗರು ನಿಮ್ಮ ತಲೆಗೂದಲನ್ನೊಮ್ಮೆ ನೋಡಿ, “ಇದೆ ಅಂಕಲ್” ಎಂದು ಅಟ್ಟದಿಂದ ಇಳಿಸಿ, ಧೂಳು ಊದಿ ಕೊಡುತ್ತಾರೆ. ಹಳೇ ಡೆಸ್ಕ್‌ಟಾಪಿನಿಂದ ಬಿಚ್ಚಿಟ್ಟ ಡ್ರೈವ್ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಒಂದು ಡ್ರೈವಿನಲ್ಲಿ ಓದದ ಸಿಡಿ ಇನ್ನೊಂದರಲ್ಲಿ ಸಲೀಸಾಗಿ ಓದುವುದುಂಟು. ಯಾಕೆ ಎಂದು ಕೇಳಿದರೆ ಲೇಸರು, ಮಸೂರ, ಮೋಟರು ಎಂದು ಏನೇನೋ ಹೇಳುತ್ತಾರೆ. ನನ್ನ ಅನುಭವದಲ್ಲಿ ಹಳೆಯದರದ್ದೇ ತಾಳ್ಮೆ ಹೆಚ್ಚು.

ಡ್ರೈವ್ ಬಂತು, ಸಿಡಿ ಒಳಗೆ ಹೋಯಿತು. ಇನ್ನು ಎದುರುಮನೆ ರಾಯರ ಪರಾಕ್ರಮ ಕೇಳಿ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರು ಕಂಪ್ಯೂಟರಿಗೇ ಮೀಸಲು. ಸಿಡಿ ತೆರೆದರೆ ‘ಟ್ರ್ಯಾಕ್01.ಸಿಡಿಎ’, ‘ಟ್ರ್ಯಾಕ್02.ಸಿಡಿಎ’ ಎಂದು ಫೈಲುಗಳು ಸಾಲಾಗಿ ಕಂಡವಂತೆ. ಅಷ್ಟನ್ನೂ ಹಿಡಿದು ಪೆನ್‌ಡ್ರೈವಿಗೆ ಎಳೆದರು. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. “ನೋಡಿದ್ರಾ? ಸಾಫ್ಟ್‌ವೇರೂ ಬೇಡ, ಗೀಫ್ಟ್‌ವೇರೂ ಬೇಡ. ಇಡೀ ಸಿಡಿ ಹದಿನೈದು ಕೆಬಿ ಕೂಡ ಆಗಲಿಲ್ಲ!” ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ, ಕುಟುಂಬಸಮೇತ ಧರ್ಮಸ್ಥಳಕ್ಕೆ ಹೊರಟರು. ನೆಲಮಂಗಲದಿಂದ ಶಿರಾಡಿ ಘಾಟಿಯವರೆಗೂ ಕಾರಿನ ಸ್ಟೀರಿಯೋ ತುಟಿ ಬಿಚ್ಚಲಿಲ್ಲ. ರಾಯರ ಮನೆಯಾಕೆ ಮಾತ್ರ ಬಿಚ್ಚಿದರಂತೆ.

ಯಾಕೆ ಹಾಗಾಯಿತೆಂದರೆ, ಆ ‘ಸಿಡಿಎ’ ಫೈಲಿನಲ್ಲಿ ಹಾಡೇ ಇಲ್ಲ. ಹಾಡು ಸಿಡಿಯ ಮೇಲೆ ಎಲ್ಲಿ ಶುರುವಾಗುತ್ತದೆ, ಎಷ್ಟು ಉದ್ದ ಎಂಬ ವಿಳಾಸವನ್ನಷ್ಟೇ ಹೇಳುವ 44 ಬೈಟಿನ ಚೀಟಿ ಅದು. ವಿಂಡೋಸ್ ತನ್ನ ಅನುಕೂಲಕ್ಕೆ ಬರೆದುಕೊಂಡು ನಮಗೆ ತೋರಿಸುತ್ತದೆ. ಸೋನಿ, ಫಿಲಿಪ್ಸ್ ಕಂಪನಿಯವರು ಸೇರಿ ರೂಪಿಸಿ 1982ರಲ್ಲಿ ಮಾರುಕಟ್ಟೆಗೆ ಬಿಟ್ಟ ಸಂಗೀತದ ಸಿಡಿಯಲ್ಲಿ ಫೈಲು ಎಂಬ ಕಲ್ಪನೆಯೇ ಇಲ್ಲ. ನಡುವಿನಿಂದ ಹೊರಟು ಅಂಚಿನವರೆಗೆ ಸುತ್ತಿಕೊಂಡು ಹೋಗುವ ಒಂದೇ ಒಂದು ಗೆರೆ. ಬಿಚ್ಚಿ ನೇರ ಹಾಸಿದರೆ ಐದು ಕಿಲೋಮೀಟರು ಮೀರುತ್ತದೆ. ಅದರಲ್ಲಿ ಸೆಕೆಂಡಿಗೆ 44,100 ಸಲ ಅಳೆದ ಧ್ವನಿಯ ಅಂಕಿಗಳು, ಎಡಗಿವಿಗೊಂದು, ಬಲಗಿವಿಗೊಂದು. ಇವನ್ನು ಸೆಕೆಂಡಿನ 75ನೇ ಒಂದು ಭಾಗದ ತುಂಡುಗಳಾಗಿ ಕತ್ತರಿಸಿಟ್ಟಿದ್ದಾರೆ. ಕಂಪ್ಯೂಟರಿನ ಮಾಹಿತಿ ತುಂಬಿದ ಸಿಡಿಯಲ್ಲಾದರೆ ಪ್ರತಿ ತುಂಡಿನಲ್ಲೂ ತಪ್ಪು ತಿದ್ದುವುದಕ್ಕೆಂದೇ ಒಂದಿಷ್ಟು ಜಾಗ ಹೆಚ್ಚುವರಿಯಾಗಿ ತೆಗೆದಿಟ್ಟಿರುತ್ತಾರೆ. ಬ್ಯಾಲೆನ್ಸ್ ಶೀಟಿನಲ್ಲಿ ಒಂದಂಕಿ ತಪ್ಪಿದರೆ ಕೆಲಸ ಕೆಡುತ್ತದಲ್ಲ. ಸಂಗೀತದ ಸಿಡಿಗೆ ಆ ಎರಡನೇ ಕಾವಲಿಲ್ಲ, ಮೊದಲನೆಯದು ಮಾತ್ರ ಇದೆ. ಅದೂ ಕೈಚೆಲ್ಲಿದರೆ ಯಂತ್ರ ಆಚೀಚಿನ ಅಂಕಿ ನೋಡಿ ನಡುವಿನದನ್ನು ಊಹೆಯಿಂದ ತುಂಬಿ ಮುಂದೆ ಹೋಗುತ್ತದೆ. ಕೇಳುವವರಿಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಸಾಫ್ಟ್‌ವೇರ್ ಆರಿಸುವ ಗುಟ್ಟೆಲ್ಲ ಇಲ್ಲೇ ಇದೆ. ಓದಲಾಗದ ಕಡೆ “ಓದಲಾಗಲಿಲ್ಲ” ಎಂದು ಒಪ್ಪಿಕೊಳ್ಳುತ್ತದೆಯೋ, ಮುಗುಮ್ಮಾಗಿ ಊಹೆ ತುಂಬಿ “ಎಲ್ಲ ಆಯ್ತು ಸಾರ್” ಎನ್ನುತ್ತದೆಯೋ ಅಷ್ಟನ್ನೇ ನಾನು ನೋಡುವುದು. ಬಣ್ಣ, ಗುಂಡಿ, ಚಿತ್ರ ಎಲ್ಲ ಆಮೇಲೆ. ಆದರೆ ನಮ್ಮವರು ನೋಡುವುದು ಬೇರೆಯೇ. ಅವರಲ್ಲಿ ಪಂಥಗಳಿವೆ.

ಮೊದಲನೆಯದು ‘ಇದ್ದದ್ದೇ ಸಾಕು’ ಪಂಥ. ವಿಂಡೋಸ್ ಜೊತೆ ಬಂದ ಮೀಡಿಯಾ ಪ್ಲೇಯರ್, ಮ್ಯಾಕ್ ಜೊತೆ ಬಂದ ಮ್ಯೂಸಿಕ್ ಆ್ಯಪ್, ಅದಕ್ಕೂ ಹಿಂದೆ 2001ರಲ್ಲಿ ಹುಟ್ಟಿದ ಐಟ್ಯೂನ್ಸ್. ಸಿಡಿ ಹಾಕು, ಗುಂಡಿ ಒತ್ತು, ಕಾಫಿ ಕುಡಿದು ಬಾ. ಗೀರಿಲ್ಲದ ಹೊಸ ಸಿಡಿಗೆ ಇದರಲ್ಲಿ ಯಾವ ಲೋಪವೂ ಇಲ್ಲ, ಸುಮ್ಮನೆ ಮೂಗು ಮುರಿಯಬಾರದು. ಆದರೆ ಗೀರಿದ್ದರೆ ಇವು ಬಾಯಿ ಬಿಡುವುದಿಲ್ಲ. ಐಟ್ಯೂನ್ಸಿನಲ್ಲಿ ‘ತಪ್ಪು ತಿದ್ದಿಕೊಂಡು ಓದು’ ಎಂದು ಹೇಳುವ ಆಯ್ಕೆಯೊಂದು ಸೆಟ್ಟಿಂಗ್ಸಿನ ಒಳಕೋಣೆಯಲ್ಲಿದೆ. ಅಲ್ಲಿಗೆ ಹೋಗಿ ಅದನ್ನು ಮುಟ್ಟಿ ಬಂದವರನ್ನು ನಾನಿನ್ನೂ ಕಂಡಿಲ್ಲ.

ಎರಡನೆಯದು ನಿಷ್ಠಾವಂತರ ಪಂಥ. ಇವರ ಆರಾಧ್ಯದೈವ ಎಕ್ಸಾಕ್ಟ್ ಆಡಿಯೋ ಕಾಪಿ, ಭಕ್ತರ ಬಾಯಲ್ಲಿ ಇಎಸಿ. ಜರ್ಮನಿಯ ಆಂಡ್ರೆ ವೀತೋಫ್ ಎಂಬಾತ 1990ರ ದಶಕದ ಕೊನೆಯಲ್ಲಿ ಬರೆದದ್ದು. ವಿಂಡೋಸಿಗೆ ಮಾತ್ರ, ಮನೆ ಬಳಕೆಗೆ ಉಚಿತ. ಒಂದೊಂದು ತುಂಡನ್ನೂ ಕಡಿಮೆಯೆಂದರೆ ಎರಡು ಸಲ ಓದುತ್ತದೆ. ಎರಡೂ ಓದು ಒಂದೇ ಆಗಿದ್ದರೆ ಮುಂದಿನದು. ಇಲ್ಲವಾದರೆ ಹದಿನಾರು ಸಲ ಓದಿ, ಅದರಲ್ಲಿ ಎಂಟು ಒಂದೇ ಬಂತೇ ಎಂದು ಎಣಿಸುತ್ತದೆ. ಬರಲಿಲ್ಲವೋ, ಮತ್ತೆ ಹದಿನಾರು. ಹೀಗೇ ಹೋಗಿ ಹೋಗಿ ಒಂದೇ ತುಂಡನ್ನು 82 ಸಲದವರೆಗೂ ಓದಬಲ್ಲದು. ಸೆಕೆಂಡಿನ 75ನೇ ಒಂದು ಭಾಗಕ್ಕೆ ಇಷ್ಟು ಶ್ರದ್ಧೆ! ಗೀರುಬಿದ್ದ ಒಂದು ಹಾಡಿಗೆ ಅರ್ಧ ದಿನ ಹಿಡಿದರೂ ಆಶ್ಚರ್ಯವಿಲ್ಲ. ಕೊನೆಗೆ ಒಂದು ಲಾಗ್ ಬರೆದುಕೊಡುತ್ತದೆ: ಯಾವ ಡ್ರೈವ್, ಯಾವ ಕ್ರಮ, ಎಲ್ಲಿ ಅನುಮಾನ, ಎಲ್ಲಿ ಸರಿ. ಭಕ್ತರು ಈ ಲಾಗನ್ನು ಜಾತಕ ನೋಡುವ ಹಾಗೆ ನೋಡುತ್ತಾರೆ. ದೋಷವಿಲ್ಲ ಎಂದು ಕಂಡ ಮೇಲೆ ಹಾಡು ಕೇಳುವುದು ಹಲವರಿಗೆ ಮರೆತೇ ಹೋಗುತ್ತದೆ.

ಧರ್ಮಸ್ಥಳದ ಪ್ರಸಂಗ ಆದಮೇಲೆ ರಾಯರು ಈ ಪಂಥಕ್ಕೆ ಸೇರಿದರು. ಹೊಸದಾಗಿ ದೀಕ್ಷೆ ತೆಗೆದುಕೊಂಡವರ ಮಡಿ ಗೊತ್ತಲ್ಲ. ಇಎಸಿಯನ್ನು ಮೊದಲ ಸಲ ತೆರೆದಾಗ ಅದು ಡ್ರೈವಿನ ಕುಲಗೋತ್ರ ವಿಚಾರಿಸುತ್ತದೆ. ಪ್ರತಿ ಮಾದರಿಯ ಡ್ರೈವೂ ಓದನ್ನು ಕೆಲವು ಅಂಕಿಗಳಷ್ಟು ಹಿಂದಿನಿಂದಲೋ ಮುಂದಿನಿಂದಲೋ ಆರಂಭಿಸುತ್ತದೆ. ಆ ವ್ಯತ್ಯಾಸಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಅದನ್ನು ಸರಿಪಡಿಸದಿದ್ದರೆ ಹಾಡು ಕೆಲವು ನೂರು ಅಂಕಿ ಸರಿದಿರುತ್ತದೆ. ಸೆಕೆಂಡಿಗೆ 44,100 ಅಂಕಿ ಇರುವಾಗ ಇದು ಎಷ್ಟು ಹೊತ್ತು ಎಂದು ನೀವೇ ಲೆಕ್ಕ ಹಾಕಿ. ರಾಯರು ಹಾಕಿದರು. ಅವರ ಡ್ರೈವಿನದು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತಲೂ ಸ್ವಲ್ಪ ಜಾಸ್ತಿ ಬಂತು. “ಅಷ್ಟು ತಡವಾಗಿ ಶುರುವಾದರೆ ಮೈಸೂರು ವಾಸುದೇವಾಚಾರ್ಯರ ಕೃತಿಗೆ ಅಪಚಾರವಲ್ಲವೇ?” ಎಂದು ನನ್ನನ್ನೇ ಕೇಳಿದರು. ರಾಯರು ಕಚೇರಿಗೆ ಯಾವತ್ತಾದರೂ ವರ್ಣ ಮುಗಿಯುವುದರೊಳಗೆ ಬಂದದ್ದುಂಟೇ ಎಂದು ಕೇಳಬೇಕೆನಿಸಿತು. ಹಿರಿಯರು, ಸುಮ್ಮನಾದೆ.

ದುಡ್ಡು ಕೊಡಲು ತಯಾರಿದ್ದು ತಲೆಬಿಸಿ ಬೇಡ ಎನ್ನುವವರಿಗೆ ಇಂಗ್ಲೆಂಡಿನ ಡಿಬಿಪವರ್ಆ್ಯಂಪ್ ಇದೆ. ಇಎಸಿಯ ಮಡಿಯೂ ಇದೆ, ಮುಖದಲ್ಲಿ ನಗುವೂ ಇದೆ. ದುಡ್ಡು ಕೊಡಲು ತಯಾರಿಲ್ಲ, ತಲೆಬಿಸಿಯೂ ಬೇಡ ಎನ್ನುವವರಿಗೆ ವಿಂಡೋಸಿನಲ್ಲಿ ಕ್ಯೂರಿಪ್ಪರ್ ಅಥವಾ ಫ್ರಿಆ್ಯಕ್, ಮ್ಯಾಕಿನಲ್ಲಿ ಎಕ್ಸ್ಎಲ್‌ಡಿ. ಎಲ್ಲ ಒಳ್ಳೆಯವೇ. ನಮ್ಮ ಮನೆಗೆ ಆರಿಸು ಎಂದರೆ ನಾನು ಕ್ಯೂರಿಪ್ಪರ್ ಆರಿಸುತ್ತೇನೆ. ಎಲ್ಲೋ ಬೇರೆಯವರು ಅದೇ ಸಿಡಿಯನ್ನು ಸರಿಯಾಗಿ ಇಳಿಸಿಕೊಂಡಿದ್ದರೆ, ಅವರು ಬಿಟ್ಟುಹೋದ ಲೆಕ್ಕದ ಸಹಾಯದಿಂದ ನಮ್ಮ ಸಿಡಿಯ ಸಣ್ಣಪುಟ್ಟ ಗಾಯವನ್ನು ತುಂಬಿಕೊಡುವ ವ್ಯವಸ್ಥೆ ಅದರ ಬಳಗಕ್ಕಿದೆ. ಕಾಣದ ಊರಿನವರ ಉಪಕಾರ.

ಲಿನಕ್ಸಿನವರ ಪಂಥವೇ ಬೇರೆ. ಅವರಿಗೆ ಕಿಟಕಿ, ಗುಂಡಿ ಎಂದರೆ ಅಲರ್ಜಿ, ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ ಕುಟ್ಟಿದರೇ ಸಮಾಧಾನ. ಅಲ್ಲಿ ಸಿಡಿಪ್ಯಾರನೋಯ ಎಂಬ ಹಳೆಯ ಸಾಧನವೊಂದಿದೆ. ಹೆಸರೇ ಹೇಳುವಂತೆ ಅದಕ್ಕೆ ಸಿಡಿಯ ಮೇಲೂ ಡ್ರೈವಿನ ಮೇಲೂ ಸದಾ ಸಂಶಯ. ಕೆಲಸ ಮಾಡುತ್ತ ಮಾಡುತ್ತ ತನ್ನ ಮನಸ್ಥಿತಿಯನ್ನು ಚುಕ್ಕಿ ಗೆರೆಗಳ ಮುಖವಾಡಗಳಲ್ಲಿ ತೋರಿಸುತ್ತದೆ. ಎಲ್ಲ ಸರಿಯಿದ್ದರೆ ನಗುಮುಖ. ಓದು ಜಾರಿದರೆ ಬಾಯಿ ಸೊಟ್ಟ. ಗೀರು ಸಿಕ್ಕಿದರೆ ಅಳುಮುಖ. ಕೈಲಾಗದೆ ಬಿಟ್ಟರೆ ಕಣ್ಣು ಮಿಟುಕಿಸಿಕೊಂಡು ಅಳು. ತಾಸುಗಟ್ಟಲೆ ಅದರ ಮುಖ ನೋಡುತ್ತ ಕೂತ ಗೆಳೆಯನೊಬ್ಬ ನನಗಿದ್ದಾನೆ. ಹೆಂಡತಿಯ ಮುಖವನ್ನು ಹೀಗೆ ಗಮನಿಸಿದ್ದರೆ ಅವನ ಎಷ್ಟೋ ಕಷ್ಟಗಳು ತಪ್ಪುತ್ತಿದ್ದವು.

ಇಳಿಸಿದ್ದು ಸರಿಯೋ ತಪ್ಪೋ ಎಂದು ತಿಳಿಯುವುದಕ್ಕೆ ಆ್ಯಕ್ಯುರೇಟ್‌ರಿಪ್ ಎಂಬ ಏರ್ಪಾಡಿದೆ. ಜಗತ್ತಿನಲ್ಲಿ ಅದೇ ಸಿಡಿಯನ್ನು ಇಳಿಸಿದವರ ಲೆಕ್ಕದೊಂದಿಗೆ ನಿಮ್ಮ ಲೆಕ್ಕವನ್ನು ತಾಳೆ ನೋಡುತ್ತದೆ. ಬೀಟಲ್ಸ್ ಸಿಡಿ ಹಾಕಿ, ನೂರಾರು ಜನ “ನಮ್ಮದೂ ಇದೇ, ನಮ್ಮದೂ ಇದೇ” ಎಂದು ಸಾಕ್ಷಿ ಹೇಳಲು ಓಡಿ ಬರುತ್ತಾರೆ. ಪಣಂಬೂರಿನ ಕಡೆಯ ತಾಳಮದ್ದಲೆಯ ಸಿಡಿ ಹಾಕಿ. “ಇಂಥದ್ದೊಂದು ಸಿಡಿ ನಮ್ಮ ಪಟ್ಟಿಯಲ್ಲಿಲ್ಲ” ಎನ್ನುತ್ತದೆ. ರಾಯರು ಇದನ್ನು ಕನ್ನಡಕ್ಕೆ ಆದ ಅವಮಾನವೆಂದು ಬಗೆದು ಪತ್ರಿಕೆಗೆ ಪತ್ರ ಬರೆಯಲು ಹೊರಟಿದ್ದರು. ಹೀಗಾದಾಗ ಇರುವ ಉಪಾಯ ಸರಳ: ಅದೇ ಹಾಡನ್ನು ಎರಡು ಸಲ ಇಳಿಸಿ, ಎರಡರ ಮೊತ್ತವೂ ಒಂದೇ ಬಂತೇ ಎಂದು ನೋಡುವುದು. ಇಎಸಿಯಲ್ಲಿ ಇದಕ್ಕೆಂದೇ ಒಂದು ಗುಂಡಿಯಿದೆ. ಊರಿನ ಸಾಕ್ಷಿ ಸಿಗದಿದ್ದಾಗ ಮನೆಯವರದೇ ಸಾಕ್ಷಿ.

ಇನ್ನು ಜಗಳಗಳ ರಾಜ: ಎಂಪಿ3 ಹೆಚ್ಚೋ ಫ್ಲ್ಯಾಕ್ ಹೆಚ್ಚೋ? ನಮ್ಮ ಭಾವಮೈದನ ಎದುರು ಈ ವಿಷಯ ಎತ್ತಬೇಡಿ, ಊಟ ಆರಿಹೋಗುತ್ತದೆ. ಲೆಕ್ಕ ಇಷ್ಟೇ. ಸಿಡಿಯ ಒಂದು ಗಂಟೆಯ ಸಂಗೀತ ಇದ್ದಹಾಗೇ ಇಟ್ಟರೆ ಸುಮಾರು 635 ಎಂಬಿ. ಫ್ಲ್ಯಾಕ್ ಅದನ್ನು ಒಂದಂಕಿಯನ್ನೂ ಬಿಡದೆ ಹೆಚ್ಚುಕಡಿಮೆ ಅರ್ಧಕ್ಕೆ ಮಡಚುತ್ತದೆ, ಬಿಚ್ಚಿದರೆ ಮೊದಲಿದ್ದದ್ದೇ. ಜಾಶ್ ಕೋಲ್ಸನ್ ಎಂಬಾತ 2001ರಲ್ಲಿ ಜಗತ್ತಿಗೆ ಉಚಿತವಾಗಿ ಕೊಟ್ಟದ್ದು. ಎಂಪಿ3 ಹಾಗಲ್ಲ. ಮನುಷ್ಯನ ಕಿವಿಗೆ ಕೇಳಿಸದು ಎಂದು ತನಗೆ ತೋರಿದ್ದನ್ನು ಎಸೆದು, 320 ಕಿಲೋಬಿಟ್ ದರದಲ್ಲಿ ಆ ಒಂದು ಗಂಟೆಯನ್ನು 144 ಎಂಬಿಗೆ ಇಳಿಸುತ್ತದೆ. ಜರ್ಮನಿಯ ಕಾರ್ಲ್‌ಹೈನ್ಸ್ ಬ್ರಾಂಡನ್‌ಬುರ್ಗ್ ಈ ಎಸೆಯುವ ವಿದ್ಯೆಯನ್ನು ಹದಗೊಳಿಸಿದ್ದು ಸುಝಾನ್ ವೇಗಾ ಎಂಬ ಗಾಯಕಿ ವಾದ್ಯವಿಲ್ಲದೆ ಹಾಡಿದ ಒಂದು ಹಾಡನ್ನು ಮತ್ತೆ ಮತ್ತೆ ಕೇಳಿ. ನನಗೊಂದು ಕುತೂಹಲ. ಆಕೆಯ ಬದಲು ಗಂಗೂಬಾಯಿ ಹಾನಗಲ್ಲರ ಕಂಠವನ್ನು ಕೇಳಿ ಹದಗೊಳಿಸಿದ್ದರೆ ಏನನ್ನು ಎಸೆಯುವ ಧೈರ್ಯ ಮಾಡುತ್ತಿದ್ದರೋ!

ಭಾವಮೈದನಿಗೆ ಎಂಪಿ3 ಎಂದರೆ ತಂಬೂರಿಯ ತಂತಿ ಸಡಿಲವಾದದ್ದು ಕೇಳಿಸುತ್ತದಂತೆ. ಫ್ಲ್ಯಾಕ್‌ನಲ್ಲಿ ಮೃದಂಗದವರ ಉಂಗುರದ ಸದ್ದೂ ಕೇಳಿಸುತ್ತದಂತೆ. ಸರಿ, ಫೂಬಾರ್2000 ಎಂಬ ಪ್ಲೇಯರಿನಲ್ಲಿ ಕಣ್ಣು ಕಟ್ಟಿ ಪರೀಕ್ಷಿಸುವ ಸಲಕರಣೆಯೊಂದನ್ನು ಸೇರಿಸಿಕೊಳ್ಳಬಹುದು. ಯಾವುದು ಯಾವುದೆಂದು ಹೇಳದೆ ಹಾಡಿಸುತ್ತದೆ, ನಾವು ಗುರುತಿಸಬೇಕು. ಹಬ್ಬದ ದಿನ, ಹೋಳಿಗೆ ಊಟದ ಮೇಲೆ, ಎಲ್ಲರೆದುರು ಕೂರಿಸಿದೆವು. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಸರಿ ಬರುತ್ತಿತ್ತು. “ಹೋಳಿಗೆ ತಿಂದ ಮೇಲೆ ಕಿವಿ ಮಂದ ಆಗುತ್ತೆ ಭಾವ” ಎಂದ. ಅಕ್ಕನ ಮಗ ಫೋನಿನಿಂದ ತಲೆಯೆತ್ತಿದ್ದು ಆ ಒಂದು ಮಾತಿಗೆ.

ಹಾಗಂತ ಎಂಪಿ3 ಸಾಕು ಎಂದೇನೂ ನಾನು ಹೇಳುತ್ತಿಲ್ಲ. ಫ್ಲ್ಯಾಕ್‌ನಲ್ಲೇ ಇಳಿಸಿ. ಫ್ಲ್ಯಾಕ್ ಇದ್ದರೆ ಅದರಿಂದ ಕಾರಿಗೆ, ಫೋನಿಗೆ, ಅಮ್ಮನ ರೇಡಿಯೋ ಪೆಟ್ಟಿಗೆಗೆ ಎಂಪಿ3 ಎಷ್ಟು ಸಲ ಬೇಕಾದರೂ ಮಾಡಿಕೊಳ್ಳಬಹುದು. ಎಂಪಿ3ಯಿಂದ ಫ್ಲ್ಯಾಕ್ ಮಾಡಿದರೆ ಫೈಲು ದಪ್ಪವಾಗುತ್ತದೆ, ಎಸೆದದ್ದು ಬರುವುದಿಲ್ಲ. ಹೀಗೆ ದಪ್ಪ ಮಾಡಿಟ್ಟು “ಸ್ಟುಡಿಯೋ ಗುಣಮಟ್ಟ” ಎಂದು ವಾಟ್ಸ್‌ಆ್ಯಪಿನಲ್ಲಿ ಹಂಚುವ ಮಹನೀಯರೂ ಇದ್ದಾರೆ. ಇನ್ನೂ ಒಂದು ಕಾರಣ: ಸಿಡಿ ಮಾಡಿದವರು ಒಂದೇ ರಾಗದ ಆಲಾಪ, ಕೃತಿ, ನೆರವಲು, ಸ್ವರ ಎಲ್ಲವನ್ನೂ ಬೇರೆ ಬೇರೆ ಟ್ರ್ಯಾಕುಗಳಾಗಿ ತುಂಡು ಮಾಡಿರುತ್ತಾರೆ. ಎಂಪಿ3 ಮಾಡುವಾಗ ಪ್ರತಿ ತುಂಡಿನ ತಲೆಬಾಲಕ್ಕೆ ಚೂರು ಮೌನ ಸೇರಿಕೊಳ್ಳುತ್ತದೆ. ಜಾಣ ಪ್ಲೇಯರುಗಳು ಅದನ್ನು ಕತ್ತರಿಸಿ ಜೋಡಿಸುತ್ತವೆ. ಮಿಕ್ಕವುಗಳಲ್ಲಿ ವಿದ್ವಾಂಸರು ತೋಡಿಯ ನಡುವೆ ಬಿಕ್ಕಳಿಸುತ್ತಾರೆ.

ಇಷ್ಟೆಲ್ಲ ಆದರೂ ನಿಜವಾದ ಕಷ್ಟ ಇನ್ನೂ ಶುರುವಾಗಿಲ್ಲ. ಅದು ಹೆಸರಿನದು. ಸಿಡಿಯ ಪೆಟ್ಟಿಗೆಯ ಮೇಲೆ ಹಾಡಿನ ಹೆಸರು ಅಚ್ಚಾಗಿರುತ್ತದೆ. ಸಿಡಿಯ ಒಳಗೆ, ಬಹುತೇಕ, ಇರುವುದೇ ಇಲ್ಲ. ಕಂಪ್ಯೂಟರಿಗೆ ಅದು ಬರೀ ಟ್ರ್ಯಾಕ್ 1, ಟ್ರ್ಯಾಕ್ 2. ಇದಕ್ಕೆ 1990ರ ದಶಕದಲ್ಲಿ ಸಿಡಿಡಿಬಿ ಎಂಬ ಉಪಾಯ ಹೂಡಿದರು. ಯಾವ ಟ್ರ್ಯಾಕು ಎಲ್ಲಿ ಆರಂಭ, ಎಷ್ಟುದ್ದ ಎಂಬ ಲೆಕ್ಕದಿಂದಲೇ ಸಿಡಿಯನ್ನು ಗುರುತಿಸುವುದು. ಹೆಸರುಗಳನ್ನು ಟೈಪು ಮಾಡಿ ತುಂಬಿದವರು ನಮ್ಮ ನಿಮ್ಮಂಥ ಬಳಕೆದಾರರು, ಬಿಟ್ಟಿಯಾಗಿ. ಆಮೇಲೆ ಅದು ಗ್ರೇಸ್‌ನೋಟ್ ಎಂಬ ವ್ಯಾಪಾರವಾಯಿತು, ಟೈಪು ಮಾಡಿದವರು ಹಲ್ಲು ಕಡಿದರು. ಬದಲಿಗೆ ಎದ್ದ ಫ್ರೀಡಿಬಿ 2020ರಲ್ಲಿ ಬಾಗಿಲು ಹಾಕಿತು. ಈಗ ಮ್ಯೂಸಿಕ್‌ಬ್ರೈನ್ಜ್ ಇದೆ, ಅದನ್ನು ನಡೆಸುವವರು ಲಾಭ ಬಯಸದ ಸಂಸ್ಥೆಯವರು. ಉದ್ದದ ಮೇಲೆ ಗುರುತಿಸುವುದರಲ್ಲಿ ಒಂದು ತಮಾಷೆಯಿದೆ: ಎರಡು ಬೇರೆ ಬೇರೆ ಸಿಡಿಗಳ ಲೆಕ್ಕ ಒಂದೇ ಆಗಿಬಿಡಬಹುದು. ಹಾಡು ಕಡಿಮೆಯಿರುವ ಸಿಡಿಗಳಲ್ಲಂತೂ ಇದು ಸುಲಭ. ದಾಸರ ಪದಗಳ ಸಿಡಿ ಹಾಕಿದರೆ ಯೂರೋಪಿನ ಯಾವುದೋ ಅಬ್ಬರದ ಬ್ಯಾಂಡಿನ ಹೆಸರು ಮೂಡಿಬಂದು, ನಮ್ಮ ಅತ್ತೆಯವರು “ಇದೇನ್ರೀ ಕನಕದಾಸರ ಮೇಲೆ ತಲೆಬುರುಡೆ ಚಿತ್ರ?” ಎಂದು ಕೇಳುವಂತಾಯಿತು.

ಹೆಸರೇ ಸಿಗದಿದ್ದರೆ ಇನ್ನೂ ಗಮ್ಮತ್ತು. ಎಲ್ಲವೂ ‘ಅನ್‌ನೋನ್ ಆರ್ಟಿಸ್ಟ್’, ‘ಅನ್‌ನೋನ್ ಆಲ್ಬಮ್’ ಎಂಬ ಡಬ್ಬಕ್ಕೆ ಬೀಳುತ್ತವೆ. ಎಚ್ಚರ ತಪ್ಪಿದರೆ ಹೊಸ ಟ್ರ್ಯಾಕ್ 1 ಹಳೆಯ ಟ್ರ್ಯಾಕ್ 1ರ ಮೇಲೆಯೇ ಕೂರುತ್ತದೆ. ಭಾವಮೈದನ ಹಾರ್ಡ್‌ಡಿಸ್ಕಿನಲ್ಲಿ ಈ ಅನ್‌ನೋನ್ ಆರ್ಟಿಸ್ಟ್ ಅವರಷ್ಟು ಹಾಡಿದವರು ಇನ್ನೊಬ್ಬರಿಲ್ಲ. ಭಜನೆ, ಲಾವಣಿ, ಗಝಲ್, ನಾಗಸ್ವರ, ಎಲ್ಲದರಲ್ಲೂ ಪಳಗಿದ ಕೈ. ಪದ್ಮ ಪ್ರಶಸ್ತಿಗೆ ಶಿಫಾರಸು ಮಾಡಬಹುದು.

ನೀವೇ ಟೈಪು ಮಾಡುತ್ತೇನೆಂದು ಕೂತಿರೋ, ಆಗ ಗೊತ್ತಾಗುತ್ತದೆ ಈ ವ್ಯವಸ್ಥೆಯನ್ನು ಯಾರಿಗಾಗಿ ಕಟ್ಟಿದ್ದಾರೆಂದು. ‘ಆರ್ಟಿಸ್ಟ್’ ಎಂಬ ಒಂದೇ ಪೆಟ್ಟಿಗೆ. ಸಿನಿಮಾ ಹಾಡಿಗೆ ಅಲ್ಲಿ ಯಾರನ್ನು ಬರೆಯುವುದು? ಹಾಡಿದ ಪಿ.ಬಿ. ಶ್ರೀನಿವಾಸರನ್ನೋ, ಸಂಗೀತ ಕೊಟ್ಟ ಜಿ.ಕೆ. ವೆಂಕಟೇಶರನ್ನೋ, ಬರೆದ ಚಿ. ಉದಯಶಂಕರರನ್ನೋ? ನಮ್ಮಮ್ಮನನ್ನು ಕೇಳಿದರೆ “ರಾಜ್‌ಕುಮಾರ್ ಹಾಡು ಅಂತ ಬರಿ, ಪರದೆ ಮೇಲೆ ತುಟಿ ಆಡಿಸಿದ್ದು ಅವರೇ ಅಲ್ವಾ” ಎನ್ನುತ್ತಾರೆ. ರಾಜ್‌ಕುಮಾರ್ ಎಂದು ಬರೆದರೂ ಮುಗಿಯುವುದಿಲ್ಲ. ‘ರಾಜ್‌ಕುಮಾರ್’, ‘ಡಾ. ರಾಜ್‌ಕುಮಾರ್’, ‘ಡಾ.ರಾಜ್’ (ಚುಕ್ಕಿಯ ನಂತರ ಜಾಗ ಬಿಡದ್ದು), ಇಷ್ಟೂ ಮಂದಿ ಕಂಪ್ಯೂಟರಿನ ಕಣ್ಣಿಗೆ ಬೇರೆ ಬೇರೆ ವ್ಯಕ್ತಿಗಳು. ಪುರಂದರದಾಸರನ್ನು ಕಲಾವಿದರ ಪೆಟ್ಟಿಗೆಯಲ್ಲಿ ತುಂಬಿದವರ ಫೋನಿನಲ್ಲಿ, ಇಂಗ್ಲಿಷ್ ಅಕಾರಾದಿಯಂತೆ, ಪುನೀತ್ ರಾಜ್‌ಕುಮಾರ್ ಆದಮೇಲೆ ದಾಸರು ಬರುತ್ತಾರೆ. ದಾಸರೇನೂ ಬೇಸರಪಟ್ಟುಕೊಳ್ಳಲಿಕ್ಕಿಲ್ಲ, ಆದರೆ ಹಾಡಿದ ವಿದುಷಿ ಎಲ್ಲಿ ಹೋದರು? ‘ಕಂಪೋಸರ್’ ಎಂದು ಇನ್ನೊಂದು ಪೆಟ್ಟಿಗೆ ಇದೆ, ದಾಸರನ್ನು ಅಲ್ಲಿ ಕೂರಿಸಿ. ರಾಗಕ್ಕೆ ಪೆಟ್ಟಿಗೆಯಿಲ್ಲ, ತಾಳಕ್ಕಿಲ್ಲ, ಪಕ್ಕವಾದ್ಯದವರಂತೂ ಬಾಗಿಲಾಚೆ. ಎಂಪಿ3ಗೆ ಮೊದಲು ಅಂಟಿಸಿದ ಹೆಸರಿನ ಪಟ್ಟಿಯಲ್ಲಿ ಒಂದು ಹಾಡಿಗೆ 30 ಅಕ್ಷರಕ್ಕಿಂತ ಉದ್ದದ ಹೆಸರಿಡುವ ಹಾಗಿರಲಿಲ್ಲ. ಸಂಗೀತದ ಪ್ರಕಾರಗಳೆಂದು 80 ಹೆಸರು ಪಟ್ಟಿಮಾಡಿದ್ದರು. ಅದರಲ್ಲಿ ಪೋಲ್ಕಾ ಇತ್ತು, ಕ್ರಿಶ್ಚಿಯನ್ ರ್‍ಯಾಪ್ ಇತ್ತು. ಕರ್ನಾಟಕ ಸಂಗೀತವಾಗಲಿ ಹಿಂದೂಸ್ತಾನಿಯಾಗಲಿ ಇರಲಿಲ್ಲ.

ನಾನು ರಾಗದ ಹೆಸರನ್ನು ಹಾಡಿನ ಹೆಸರಿನ ಜೊತೆಗೇ ಬರೆಯುತ್ತೇನೆ, ಪಕ್ಕವಾದ್ಯದವರನ್ನು ‘ಕಮೆಂಟ್’ ಪೆಟ್ಟಿಗೆಯಲ್ಲಿ. ಎಂಪಿ3ಟ್ಯಾಗ್ ಎಂಬ ಉಚಿತ ಸಾಧನದಲ್ಲಿ ಒಂದೇ ಸಲ ನೂರು ಹಾಡಿಗೆ ತಿದ್ದುಪಡಿ ಮಾಡಬಹುದು. ಹೆಸರಿಗೆ ಎಂಪಿ3, ಫ್ಲ್ಯಾಕ್‌ಗೂ ನಡೆಯುತ್ತದೆ. ಕನ್ನಡದಲ್ಲಿ ಬರೆಯಬೇಕೋ ಇಂಗ್ಲಿಷಿನಲ್ಲೋ? ಕನ್ನಡದಲ್ಲೇ ಬರೆಯಿರಿ, ಆದರೆ ಯೂನಿಕೋಡಿನಲ್ಲಿ. ಹಳೇ ನುಡಿ, ಬರಹ ಫಾಂಟುಗಳ ಕಾಲದಲ್ಲಿ ತುಂಬಿಟ್ಟ ಹೆಸರುಗಳನ್ನು ಈಗ ತೆರೆದರೆ ಮಾಟಮಂತ್ರದ ಬೀಜಾಕ್ಷರ ಕಾಣುತ್ತದೆ. ಕಾರಿನ ಸ್ಟೀರಿಯೋಗಳಲ್ಲಿ ಹಲವಕ್ಕೆ ಕನ್ನಡ ಓದಲು ಬರುವುದಿಲ್ಲ, ಚೌಕಗಳನ್ನು ಸಾಲಾಗಿ ಜೋಡಿಸುತ್ತವೆ. ಅದಕ್ಕೇ ಫೈಲಿನ ಹೆಸರು ಇಂಗ್ಲಿಷಿನಲ್ಲೂ ಒಳಗಿನ ಹೆಸರು ಕನ್ನಡದಲ್ಲೂ ಇರಲಿ. ಮುಂದೆ 01, 02 ಎಂದು ಸೊನ್ನೆ ಸಮೇತ ಹಾಕಿ. ಇಲ್ಲದಿದ್ದರೆ 1 ಆದಮೇಲೆ 10 ಬಂದು, ಕಚೇರಿಯಲ್ಲಿ ವರ್ಣದ ಹಿಂದೆಯೇ ಮಂಗಳ ಹಾಡಿಬಿಡುತ್ತಾರೆ.

ಗೀರಿನ ಚಿಕಿತ್ಸೆಗೆ ಬೀದಿಗೊಬ್ಬ ವೈದ್ಯ ಇದ್ದಾನೆ. ಟೂತ್‌ಪೇಸ್ಟು, ಬಾಳೆಹಣ್ಣಿನ ಸಿಪ್ಪೆ, ವಿಭೂತಿ ಎಲ್ಲವನ್ನೂ ಕೇಳಿದ್ದೇನೆ. ಮೊದಲು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಉಜ್ಜಿದರೆ, ಹಾಗೆ ಬಿದ್ದ ಗೀರು ಸಂಗೀತದ ಗೆರೆಯ ಉದ್ದಕ್ಕೂ ಹರಿದು, ಒಂದೇ ಕಡೆಯ ಅಂಕಿಗಳೆಲ್ಲ ಹೋಗುತ್ತವೆ. ಹೊಳೆಯುವ ಬದಿಯನ್ನು ಎಲ್ಲರೂ ಕಣ್ಣಿಗೊತ್ತಿಕೊಂಡು ಕಾಪಾಡುತ್ತಾರೆ. ಚಿತ್ರವಿರುವ ಬದಿಯೇ ಹೆಚ್ಚು ನಾಜೂಕು. ಲೋಹದ ಪದರ ಅಲ್ಲೇ, ತೆಳ್ಳನೆಯ ಲೇಪದ ಅಡಿಯಲ್ಲಿರುವುದು. ಅದರ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ‘ಶ್ರೀ’ ಬರೆದ ಚಿಕ್ಕಪ್ಪನವರಿಗೆ ನಮಸ್ಕಾರ. ಹಾಗೆಯೇ, ಸೈಬರ್ ಕೆಫೆಯಲ್ಲಿ ಬರ್ನ್ ಮಾಡಿಸಿದ ಸಿಡಿಗಳಿದ್ದರೆ ಎಲ್ಲಕ್ಕಿಂತ ಮೊದಲು ಅವನ್ನು ಇಳಿಸಿ. ಅವುಗಳಲ್ಲಿರುವುದು ಬಣ್ಣದ ಪದರ, ಬೆಳಕಿಗೆ ಬಿಸಿಲಿಗೆ ಮಾಸುತ್ತದೆ. ‘ಮುಂಗಾರು ಮಳೆ’ ಎಲ್ಲಿ ಬೇಕಾದರೂ ಸಿಕ್ಕೀತು, ಅಜ್ಜ ಗದುಗಿನ ಭಾರತ ವಾಚನ ಮಾಡಿದ್ದು ಮತ್ತೆಲ್ಲೂ ಸಿಗುವುದಿಲ್ಲ.

ಇದೆಲ್ಲ ಕಾನೂನಿಗೆ ಸರಿಯೇ ಎಂದು ರಾಯರಿಗೊಂದು ಅನುಮಾನ, ಬ್ಯಾಂಕಿನವರಲ್ಲವೇ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಖಾಸಗಿ ಬಳಕೆಗೆ ನ್ಯಾಯವಾದಷ್ಟು ಅವಕಾಶ ಕೊಟ್ಟಿದೆ. ಹಂಚಿದರೆ, ಮಾರಿದರೆ ಬೇರೆ ಮಾತು. ಇಂಗ್ಲೆಂಡಿನವರದು ನೋಡಿ ಮಜಾ. ಕೊಂಡ ಸಿಡಿಯನ್ನು ಸ್ವಂತಕ್ಕೆ ಇಳಿಸಿಕೊಳ್ಳಬಹುದೆಂದು 2014ರ ಅಕ್ಟೋಬರಿನಲ್ಲಿ ಕಾನೂನು ಮಾಡಿದರು. 2015ರ ಜುಲೈಯಲ್ಲಿ ಅವರ ಹೈಕೋರ್ಟು ಅದನ್ನು ಹೊಡೆದುಹಾಕಿತು. ಆ ನಡುವಿನ ತಿಂಗಳುಗಳಲ್ಲಿ ಮಾತ್ರ ಅಲ್ಲಿನ ರಾಯರುಗಳು ನೆಮ್ಮದಿಯಿಂದ ನಿದ್ದೆ ಮಾಡಿರಬೇಕು.

ಮೊನ್ನೆ ರಾಯರು ಬಟ್ಟೆ ಚೀಲದ ತುಂಬ ಸಿಡಿ ಹೊತ್ತುಕೊಂಡು ನಮ್ಮ ಮನೆಗೇ ಬಂದರು. ಅವರ ಡ್ರೈವು ಮಲಗಿತ್ತಂತೆ. “ಎಲ್ಲ ಇಎಸಿಯಲ್ಲೇ ಆಗಲಿ. ಸೆಕ್ಯೂರ್ ಕ್ರಮ. ಆಫ್‌ಸೆಟ್ ಮರೀಬೇಡಿ. ಎಷ್ಟು ದಿನವಾದ್ರೂ ಆಗಲಿ, ನನಗೇನು ಅವಸರವಿಲ್ಲ” ಎಂದು ಸೋಫಾದಲ್ಲಿ ಕೂತರು. ಮೊದಲನೆಯದನ್ನು ಹಾಕಿದೆ. ಸಾಫ್ಟ್‌ವೇರ್ “ಸಂಗೀತದ ಸಿಡಿ ಹಾಕಿ” ಎಂದಿತು. ಎರಡನೆಯದಕ್ಕೂ ಅದೇ ಮಾತು. ಚೀಲ ಬಗ್ಗಿಸಿ ನೋಡಿದರೆ ಎಲ್ಲವೂ ಗಾಂಧಿನಗರದ ಫುಟ್‌ಪಾತಿನಲ್ಲಿ ಮಾರುತ್ತಿದ್ದ ‘ನೂರೆಂಟು ಭಕ್ತಿಗೀತೆಗಳು’, ‘ಸೂಪರ್‌ಹಿಟ್ 150’ ಜಾತಿಯವು. 74 ನಿಮಿಷದ ಸಂಗೀತದ ಸಿಡಿಯಲ್ಲಿ ನೂರೈವತ್ತು ಹಾಡು ಹಿಡಿಸುವುದುಂಟೇ? ಅವು ಎಂಪಿ3 ಫೈಲುಗಳನ್ನು ತುಂಬಿದ ಡೇಟಾ ಸಿಡಿಗಳು. ಇಳಿಸುವುದಕ್ಕೆ ಸಾಫ್ಟ್‌ವೇರೇ ಬೇಡ, ಹಿಡಿದು ಎಳೆದರೆ ಬಂದವು. ರಾಯರು ಅಂದು ಪೆನ್‌ಡ್ರೈವಿಗೆ ಮಾಡಿದ ಕೆಲಸ ಈ ಸಿಡಿಗಳಿಗೆ ಸರಿಯಾಗಿಯೇ ಹೊಂದುತ್ತಿತ್ತು. ಕಾಫಿ ಆರುವ ಮೊದಲೇ ಒಂದು ಸಿಡಿ ಮುಗಿಯಿತು.

“ಆಯ್ತು ರಾಯರೇ, ಇದು ಮುಗೀತು” ಎಂದೆ.

“ಎಲ್ಲಿ, ಲಾಗ್ ತೋರ್ಸಿ.”

“ಇದಕ್ಕೆ ಲಾಗ್ ಬರಲ್ಲ ರಾಯರೇ. ಬರೀ ಕಾಪಿ.”

ರಾಯರು ಲೋಟ ಕೆಳಗಿಟ್ಟರು. ಅಡಿಗೆಮನೆಯಿಂದ ಹೊರಬಂದ ನಮ್ಮವಳನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. “ಅಲ್ಲಾ ಸ್ವಾಮಿ, ಎಂಬತ್ತೆರಡು ಸಲ ಬೇಡ, ನಮ್ಮ ಸಿಡಿ ಅಂತ ಒಂದು ನಾಲ್ಕು ಸಲನಾದ್ರೂ ಓದ್ಸಬಾರದೇ?”